ಕೌಬಾಯ್ ಬಾಯಲ್ಲಿ ಸ್ಪ್ಯಾನಿಷ್: ಲಾಸೋ, ಮ್ಯಾವರಿಕ್, ಬೊನಾಂಜಾ ಬಂದಿದ್ದೆಲ್ಲಿಂದ?

ಫೋಟೊ ಎಡಿಟ್ ಮಾಡೋ ಆ್ಯಪ್‌ಗಳಲ್ಲಿ ಲಾಸೋ ಅಂತ ಒಂದು ಟೂಲ್ ಇರುತ್ತೆ, ನೋಡಿರ್ತೀರಿ. ಬೆರಳಲ್ಲಿ ಸುತ್ತ ಗೆರೆ ಎಳೆದರೆ ಒಳಗಿರೋದೆಲ್ಲ ಸೆಲೆಕ್ಟ್ ಆಗುತ್ತೆ. ಇದು ಅಮೆರಿಕದ ಕೌಬಾಯ್‌ಗಳು ದನ ಹಿಡಿಯೋಕೆ ಬೀಸ್ತಿದ್ದ ಕುಣಿಕೆ ಹಗ್ಗದ ಹೆಸರು. ಆದರೆ ಪದ ಮೂಲತಃ ಇಂಗ್ಲಿಷ್ ಅಲ್ಲ, ಸ್ಪ್ಯಾನಿಷ್.

ಸಿನಿಮಾದ ಕೌಬಾಯ್ ಸಾಮಾನ್ಯವಾಗಿ ಬಿಳಿಯ, ಇಂಗ್ಲಿಷ್ ಮಾತಾಡೋ ಹೀರೊ. ಆದರೆ ಅವನ ಹಗ್ಗ, ಕುದುರೆ, ಕೆಲಸದ ಜಾಗ ಇವುಗಳ ಹೆಸರು ಕೆದಕಿದರೆ ಬೇರೆಯವರ ಕತೆ ಹೊರಬರುತ್ತೆ.

16ನೇ ಶತಮಾನದಲ್ಲಿ ಸ್ಪೇನ್‌ನವರು ಮೆಕ್ಸಿಕೋಗೆ ದನ, ಕುದುರೆ ತಂದರು. ಸ್ಪ್ಯಾನಿಷ್‌ನಲ್ಲಿ ಹಸು ಅಂದ್ರೆ 'ವಾಕಾ', ದನ ಕಾಯೋನು 'ವಾಕೆರೋ'. ಕುದುರೆ ಮೇಲಿಂದಲೇ ಹಗ್ಗ ಬೀಸಿ ದನ ಹಿಡಿಯೋ ಕಸುಬನ್ನ ಬೆಳೆಸಿದ್ದು ಈ ವಾಕೆರೋಗಳು. ಅವರಲ್ಲಿ ಅನೇಕರು ಅಲ್ಲಿನ ಮೂಲನಿವಾಸಿಗಳು ಮತ್ತು ಮಿಶ್ರ ಮೂಲದವರು.

ಟೆಕ್ಸಾಸ್ 1836ರವರೆಗೆ ಮೆಕ್ಸಿಕೋದ ಭಾಗವಾಗಿತ್ತು. 1845ರಲ್ಲಿ ಅಮೆರಿಕಕ್ಕೆ ಸೇರಿತು. ಆಮೇಲೆ ನಡೆದ ಯುದ್ಧದಲ್ಲಿ ಮೆಕ್ಸಿಕೋ ಸೋತು, 1848ರಲ್ಲಿ ಕ್ಯಾಲಿಫೋರ್ನಿಯಾನೂ ಕಳ್ಕೊಂಡಿತು. ಗಡಿ ಸರಿದುಹೋಯ್ತು, ವಾಕೆರೋಗಳು ಅಲ್ಲೇ ಇದ್ದರು. ಹೊಸದಾಗಿ ಬಂದವರು ಕೆಲಸ ಕಲಿತಿದ್ದು ಅವರ ಹತ್ರ. ಕೆಲಸದ ಜೊತೆ ಪದಗಳೂ ಬಂದ್ವು.

ಹಾಗೆ ಬಂದ ಪದಗಳು ಬಾಯಿಂದ ಬಾಯಿಗೆ ತಿರುಚಿಕೊಂಡ್ವು. ವಾಕೆರೋ 'ಬಕರೂ' ಆಯ್ತು. ಹಗ್ಗಕ್ಕೆ 'ಲಾ ರಿಯಾಟಾ' ಅಂತಿದ್ರು, ಅದು 'ಲಾರಿಯಟ್' ಆಯ್ತು. ರಾಂಚೋ 'ರ‍್ಯಾಂಚ್' ಆಯ್ತು. ಒಡೆಯನಿಲ್ಲದೆ ಅಲೆಯೋ ಪ್ರಾಣಿಗೆ 'ಮೆಸ್ತೆನ್ಯೋ' ಅಂತಿದ್ರು, ಅದೇ 'ಮಸ್ಟಾಂಗ್' ಕುದುರೆ. ನಮಗೆ ಈ ಹೆಸರು ಪರಿಚಯ ಆಗಿದ್ದು ಕಾರಿನಿಂದ, ಅಷ್ಟೇ. ಜೈಲಿಗೆ 'ಹೂಸ್‌ಗೌ' ಅನ್ನೋ ಪದ ಇನ್ನೂ ಮಜಾ. ಅದರ ಮೂಲ 'ಹುಸ್ಗಾಡೋ', ಅಂದ್ರೆ ಕೋರ್ಟ್. ಕೋರ್ಟ್ ಹೆಸರು ಹೋಗಿ ಜೈಲಿಗೆ ಅಂಟಿಕೊಳ್ತು!

ಎಲ್ಲ ಪದವೂ ಸ್ಪ್ಯಾನಿಷ್ ಅಲ್ಲ. ಸ್ಯಾಮ್ಯುಯೆಲ್ ಮ್ಯಾವರಿಕ್ ಅಂತ ಟೆಕ್ಸಾಸ್‌ನ ಒಬ್ಬ ವಕೀಲ, ಜಮೀನ್ದಾರ. 1840ರ ದಶಕದಲ್ಲಿ ಅವನಿಗೆ ಬರಬೇಕಿದ್ದ ಸಾಲದ ಬಾಬ್ತು ಸುಮಾರು 400 ದನ ಬಂದ್ವು. ಅವನಿಗೆ ದನದಲ್ಲಿ ಆಸಕ್ತಿ ಇರಲಿಲ್ಲ. ಕರುಗಳಿಗೆ ಬರೆ ಹಾಕಿ ಗುರುತು ಮಾಡೋದನ್ನೂ ಅವನ ಆಳುಗಳು ಸರಿಯಾಗಿ ಮಾಡಲಿಲ್ಲ. ಗುರುತಿಲ್ಲದ ಕರು ಕಂಡ್ರೆ ಸುತ್ತಲಿನವರು 'ಮ್ಯಾವರಿಕ್‌ದು' ಅನ್ನೋಕೆ ಶುರುಮಾಡಿದ್ರು. ಮುಂದೆ ಯಾರ ಗುಂಪಿಗೂ ಸೇರದ ಮನುಷ್ಯನಿಗೂ ಅದೇ ಹೆಸರು ಬಂತು. ಬಿ.ಕಾಂ.ನಲ್ಲಿ ನಾವು ಓದೋ 'ಬ್ರ್ಯಾಂಡ್' ಕೂಡ ಮೂಲತಃ ಸುಟ್ಟು ಮಾಡಿದ ಗುರುತೇ.

ಒಂದು ಎಚ್ಚರಿಕೆ. ಡ್ರೈವರ್ ಪಕ್ಕದ ಸೀಟಿಗೆ ಇಂಗ್ಲಿಷ್‌ನಲ್ಲಿ 'ಶಾಟ್‌ಗನ್' ಅಂತಾರಲ್ಲ? ಕುದುರೆಗಾಡಿ ಕಾಲದಲ್ಲಿ ಹಣದ ಪೆಟ್ಟಿಗೆ ಕಾಯೋಕೆ ಬಂದೂಕುಧಾರಿ ಇರ್ತಿದ್ದದ್ದು ನಿಜ, ಅವನನ್ನ 'ಶಾಟ್‌ಗನ್ ಮೆಸೆಂಜರ್' ಅಂತಿದ್ರು. ಆದರೆ 'ರೈಡಿಂಗ್ ಶಾಟ್‌ಗನ್' ಅನ್ನೋ ಮಾತು ಆ ಕಾಲದ್ದಲ್ಲ. ಅದನ್ನ ಹರಡಿದ್ದು 20ನೇ ಶತಮಾನದ ಕಾದಂಬರಿ, ಸಿನಿಮಾಗಳು.

ಕೊನೆಗೆ, ನಮ್ಮ ಹಬ್ಬದ ಸೇಲ್ ಬ್ಯಾನರ್‌ಗಳಲ್ಲಿ ಕಾಣೋ ಪದ: ಬೊನಾಂಜಾ. ಸ್ಪ್ಯಾನಿಷ್‌ನಲ್ಲಿ ಅದು ಶಾಂತ ಸಮುದ್ರ, ಒಳ್ಳೆ ಹವೆ. ಮೆಕ್ಸಿಕೋದ ಗಣಿಗಾರರು ಸಮೃದ್ಧ ಅದಿರು ಸಿಕ್ಕಾಗ ಹೇಳ್ತಿದ್ದ ಮಾತೂ ಅದೇ. 1848ರ ಜನವರಿ 24ರಂದು ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಒಂಬತ್ತೇ ದಿನದಲ್ಲಿ, ಫೆಬ್ರವರಿ 2ಕ್ಕೆ, ಮೆಕ್ಸಿಕೋ ಆ ನೆಲ ಬಿಟ್ಟುಕೊಡೋ ಒಪ್ಪಂದಕ್ಕೆ ಸಹಿ ಬಿತ್ತು. ಚಿನ್ನ ತೆಗೆಯೋ ಕೆಲಸ ಚೆನ್ನಾಗಿ ಗೊತ್ತಿದ್ದ ಮೆಕ್ಸಿಕೋ, ಚಿಲಿಯ ಗಣಿಗಾರರೂ ಅಲ್ಲಿಗೆ ಬಂದರು. 1850ರಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರ ವಿದೇಶಿ ಗಣಿಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಹಾಕಿತು. ಕಟ್ಟೋಕಾಗದೆ ಸಾವಿರಾರು ಜನ ಗಣಿ ಬಿಟ್ಟು ಹೊರಟರು. ಅವರ 'ಬೊನಾಂಜಾ' ಮಾತ್ರ ಇಂಗ್ಲಿಷ್‌ನಲ್ಲೇ ಉಳ್ಕೊಳ್ತು.

ಮುಂದಿನ ಸಲ ಆ ಬ್ಯಾನರ್ ಕಂಡಾಗ ಅವರನ್ನ ನೆನಪಿಸಿಕೊಳ್ಳಿ. ಮತ್ತೆ ಸಿಗೋಣ.