ಕ್ವಾರ್ಟರ್‌ಬ್ಯಾಕ್ ವಿವಾದ

ಕ್ವಾರ್ಟರ್‌ಬ್ಯಾಕ್ ವಿವಾದ ಎಂಬುದು ಅಮೆರಿಕನ್ ಫುಟ್‌ಬಾಲ್ ವಲಯದಲ್ಲಿ ರೂಢಿಯಲ್ಲಿರುವ ಮಾತು. ಒಂದೇ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್ ಸ್ಥಾನಕ್ಕೆ ಅರ್ಹರಾದ ಇಬ್ಬರು ಆಟಗಾರರಿದ್ದಾಗ, ಪಂದ್ಯದ ಆರಂಭದಿಂದ ಯಾರನ್ನು ಆಡಿಸಬೇಕೆಂಬ ಬಗ್ಗೆ ತರಬೇತುದಾರರು, ಆಟಗಾರರು, ಪತ್ರಕರ್ತರು ಹಾಗೂ ಅಭಿಮಾನಿಗಳ ನಡುವೆ ಹುಟ್ಟುವ ಭಿನ್ನಾಭಿಪ್ರಾಯವನ್ನು ಇದು ಸೂಚಿಸುತ್ತದೆ. ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮಲ್ಲಿ ಪ್ರಚಲಿತವಾಗಿರುವ ಕಾಲ್ಚೆಂಡಾಟವಲ್ಲ. ಅಂಡಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುವ ಮತ್ತು ಎಸೆಯುವ ಆಟ.

ಸ್ಥಾನದ ಮಹತ್ವ

ಈ ಆಟದಲ್ಲಿ ಪ್ರತಿ ತಂಡದ 11 ಮಂದಿ ಕಣದಲ್ಲಿರುತ್ತಾರೆ. ಚೆಂಡನ್ನು ಹೊಂದಿರುವ ತಂಡವು 4 ಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು. ಬಹುತೇಕ ಪ್ರತಿ ಯತ್ನದಲ್ಲೂ ಚೆಂಡು ಮೊದಲು ಸೇರುವುದು ಕ್ವಾರ್ಟರ್‌ಬ್ಯಾಕ್‌ನ ಕೈಗೆ. ಯಾರಿಗೆ ಎಸೆಯಬೇಕು, ಎಸೆಯದೆ ತಾನೇ ಓಡಬೇಕೆ ಎಂಬುದನ್ನು ಎದುರಾಳಿಗಳು ಮೈಮೇಲೆ ಬೀಳುವ ಮೊದಲು ಆತ ಕ್ಷಣಗಳಲ್ಲಿ ನಿರ್ಧರಿಸಬೇಕಾಗುತ್ತದೆ. ಬೇರೆ ಸ್ಥಾನಗಳಲ್ಲಿ ಆಟಗಾರರನ್ನು ಸರದಿಯಂತೆ ಬದಲಾಯಿಸುವುದು ಸಾಮಾನ್ಯ. ಈ ಸ್ಥಾನದಲ್ಲಿ ಅದು ಸುಲಭವಲ್ಲ. ಎಸೆತದ ವೇಗ ಮತ್ತು ಸಮಯಕ್ಕೆ ಸಹ ಆಟಗಾರರು ಹೊಂದಿಕೊಂಡಿರಬೇಕು. ವಾರದ ಅಭ್ಯಾಸದ ಹೆಚ್ಚಿನ ಪಾಲು ಮೊದಲ ಆಯ್ಕೆಯವನಿಗೇ ಮೀಸಲಾಗಿರುತ್ತದೆ. ಕ್ರಿಕೆಟ್ ತಂಡದಲ್ಲಿ ಇಬ್ಬರು ಒಳ್ಳೆಯ ವಿಕೆಟ್‌ಕೀಪರ್‌ಗಳಿದ್ದರೆ ಒಬ್ಬನು ಹೊರಗುಳಿಯಬೇಕಾದ ಸ್ಥಿತಿಯನ್ನು ನೆನೆದರೆ ಓದುಗರಿಗೆ ವಿಷಯ ತಿಳಿಯಾದೀತು. ಆದರೆ ವಿಕೆಟ್‌ಕೀಪರ್ ಬ್ಯಾಟುಗಾರನಾಗಿಯಾದರೂ ತಂಡದೊಳಗೆ ಬರಬಹುದು. ಎರಡನೆಯ ಕ್ವಾರ್ಟರ್‌ಬ್ಯಾಕ್‌ಗೆ ಅಂಚಿನಲ್ಲಿ ನಿಂತು ನೋಡುವುದೊಂದೇ ದಾರಿ.

ಇಬ್ಬರನ್ನೂ ಆಡಿಸುವ ಪ್ರಯೋಗ ನಡೆಯದೆ ಇಲ್ಲ. 1971ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದ ತರಬೇತುದಾರ ಟಾಮ್ ಲ್ಯಾಂಡ್ರಿ ಅವರು ಶಿಕಾಗೊ ಬೇರ್ಸ್ ವಿರುದ್ಧದ ಪಂದ್ಯದಲ್ಲಿ ಕ್ರೇಗ್ ಮಾರ್ಟನ್ ಮತ್ತು ರೋಜರ್ ಸ್ಟೌಬಾಕ್ ಅವರನ್ನು ಒಂದೊಂದು ಯತ್ನಕ್ಕೂ ಅದಲುಬದಲು ಮಾಡಿದರು. ತಂಡ ಸೋತಿತು. ಅನಂತರ ಸ್ಟೌಬಾಕ್ ಒಬ್ಬರಿಗೇ ಹೊಣೆ ವಹಿಸಲಾಯಿತು. ಡಲ್ಲಾಸ್ ಸತತ 10 ಪಂದ್ಯಗಳನ್ನು ಗೆದ್ದು ಸೂಪರ್ ಬೌಲ್ ಪ್ರಶಸ್ತಿ ಪಡೆಯಿತು.

ಮೊಂಟಾನಾ ಮತ್ತು ಯಂಗ್

ಈ ಬಗೆಯ ವಿವಾದಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್ ತಂಡದ್ದು. ಜೋ ಮೊಂಟಾನಾ ಆ ತಂಡಕ್ಕೆ ಎರಡು ಸೂಪರ್ ಬೌಲ್ ಗೆದ್ದುಕೊಟ್ಟಿದ್ದರು. 1986ರಲ್ಲಿ ಅವರಿಗೆ ಬೆನ್ನಿನ ಶಸ್ತ್ರಚಿಕಿತ್ಸೆಯಾಯಿತು. ಅವರು ಬೇಗನೆ ಕಣಕ್ಕೆ ಮರಳಿದರೂ ತರಬೇತುದಾರ ಬಿಲ್ ವಾಲ್ಶ್ ಮುಂದಾಲೋಚನೆಯಿಂದ 1987ರಲ್ಲಿ ಎಡಗೈ ಆಟಗಾರ ಸ್ಟೀವ್ ಯಂಗ್ ಅವರನ್ನು ಟ್ಯಾಂಪಾ ಬೇ ತಂಡದಿಂದ ಕರೆತಂದರು. 1988ರ ಜನವರಿಯಲ್ಲಿ ಮಿನ್ನೆಸೋಟ ವೈಕಿಂಗ್ಸ್ ವಿರುದ್ಧದ ನಾಕೌಟ್ ಪಂದ್ಯದ ನಡುವೆ ವಾಲ್ಶ್ ಅವರು ಮೊಂಟಾನಾರನ್ನು ಹಿಂದೆಗೆದು ಯಂಗ್ ಅವರನ್ನು ಇಳಿಸಿದರು. ಪಂದ್ಯ 36–24ರಿಂದ ಕೈತಪ್ಪಿತು, ವಿವಾದ ಉಳಿಯಿತು.

ಮುಂದಿನ ಋತುವಿನಲ್ಲಿ ಇಬ್ಬರಿಗೂ ಅವಕಾಶ ದೊರೆಯಿತು. ಅಕ್ಟೋಬರ್‌ನಲ್ಲಿ ಅದೇ ವೈಕಿಂಗ್ಸ್ ವಿರುದ್ಧ ಯಂಗ್ ಎದುರಾಳಿಗಳಿಂದ ತಪ್ಪಿಸಿಕೊಳ್ಳುತ್ತ 49 ಗಜ ಓಡಿ ಗಳಿಸಿದ ಗೆಲುವಿನ ಅಂಕಗಳು ಇಂದಿಗೂ ಸ್ಮರಣೀಯ. ಆದರೂ ಋತುವಿನ ಕೊನೆಗೆ ಸ್ಥಾನ ಮೊಂಟಾನಾರದೇ ಆಗಿತ್ತು. ಸಿನ್ಸಿನಾಟಿ ಬೆಂಗಾಲ್ಸ್ ವಿರುದ್ಧದ ಸೂಪರ್ ಬೌಲ್‌ನ ಕೊನೆಯ ನಿಮಿಷಗಳಲ್ಲಿ ಅವರು ತಂಡವನ್ನು 92 ಗಜ ಮುನ್ನಡೆಸಿ 20–16ರ ಜಯ ತಂದರು. ಮರುವರ್ಷವೂ ಪ್ರಶಸ್ತಿ ಅವರ ತಂಡದ್ದೇ. ಅಷ್ಟೂ ಕಾಲ ಯಂಗ್ ಕಾದರು.

1991ರ ಜನವರಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ ಮೊಂಟಾನಾ ಗಾಯಗೊಂಡರು. ಬಳಿಕ ಮೊಣಕೈ ತೊಂದರೆಯಿಂದ 1991ರ ಇಡೀ ಋತುವನ್ನು ಕಳೆದುಕೊಂಡರು. 1992ರಲ್ಲಿ ಯಂಗ್ ಲೀಗಿನ ಅತ್ಯಮೂಲ್ಯ ಆಟಗಾರರಾದರು. ಆದರೂ ನಗರದ ಅಭಿಮಾನಿಗಳಲ್ಲಿ ದೊಡ್ಡದೊಂದು ಪಾಲು ಹಳೆಯ ನಾಯಕನನ್ನೇ ಬಯಸುತ್ತಿತ್ತು. 1993ರಲ್ಲಿ ತರಬೇತುದಾರ ಜಾರ್ಜ್ ಸೀಫರ್ಟ್ ಮೊಂಟಾನಾರೇ ಮೊದಲ ಆಯ್ಕೆಯೆಂದು ಘೋಷಿಸಿದರೂ ಅವರು ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡಕ್ಕೆ ತೆರಳಲು ನಿರ್ಧರಿಸಿದರು. 1994ರ ಸೆಪ್ಟೆಂಬರ್‌ನಲ್ಲಿ ಎರಡೂ ತಂಡಗಳು ಎದುರಾದಾಗ 24–17ರಿಂದ ಗೆದ್ದವರು ಮೊಂಟಾನಾ. ಆದರೆ ಅದೇ ಋತುವಿನ ಸೂಪರ್ ಬೌಲ್‌ನಲ್ಲಿ ಯಂಗ್ 6 ಟಚ್‌ಡೌನ್ ಎಸೆತಗಳ ದಾಖಲೆ ಬರೆದರು. ಹಿರಿಯರ ನೆರಳಿನಿಂದ ಹೊರಬರಲು ಅವರಿಗೆ ಎಂಟು ಋತುಗಳು ಬೇಕಾದವು.

ಗಾಯಾಳುವಿನ ಹಕ್ಕು

ಗಾಯದಿಂದ ಹೊರಗುಳಿದವನಿಗೆ ಗುಣವಾದ ಮೇಲೆ ಸ್ಥಾನವನ್ನು ಮರಳಿ ಕೊಡಬೇಕೆಂಬುದು ಹಳೆಯ ಅಲಿಖಿತ ಸಂಪ್ರದಾಯ. 1972ರಲ್ಲಿ ಮಯಾಮಿ ಡಾಲ್ಫಿನ್ಸ್ ಇದನ್ನು ತಡವಾಗಿಯಾದರೂ ಪಾಲಿಸಿತು. ಗಾಯಗೊಂಡ ಬಾಬ್ ಗ್ರೀಸಿ ಅವರ ಬದಲಿಗೆ ಬಂದ ಅರ್ಲ್ ಮೊರಲ್ ತಂಡವನ್ನು ಸೋಲಿಲ್ಲದೆ ನಡೆಸಿದ್ದರೂ ಸೂಪರ್ ಬೌಲ್ ಆಡಿದವರು ಗ್ರೀಸಿ.

2001ರಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡದಲ್ಲಿ ಇದಕ್ಕೆ ವಿರುದ್ಧವಾಯಿತು. ಅದೇ ವರ್ಷ ದೊಡ್ಡ ಮೊತ್ತದ ಹತ್ತು ವರ್ಷಗಳ ಕರಾರಿಗೆ ಸಹಿ ಮಾಡಿದ್ದ ಡ್ರೂ ಬ್ಲೆಡ್ಸೊ ಸೆಪ್ಟೆಂಬರ್‌ನಲ್ಲಿ ಎದೆಯೊಳಗೆ ರಕ್ತಸ್ರಾವವಾಗುವಷ್ಟು ಪೆಟ್ಟು ತಿಂದರು. ಹಿಂದಿನ ವರ್ಷ 199ನೆಯವರಾಗಿ ಆಯ್ಕೆಯಾಗಿದ್ದ ಟಾಮ್ ಬ್ರಾಡಿ ಆ ಸ್ಥಾನಕ್ಕೆ ಬಂದರು. ಬ್ಲೆಡ್ಸೊ ಗುಣಮುಖರಾದ ಮೇಲೂ ತರಬೇತುದಾರ ಬಿಲ್ ಬೆಲಿಚಿಕ್ ಬ್ರಾಡಿಯವರನ್ನು ಬದಲಿಸಲಿಲ್ಲ. ಪಿಟ್ಸ್‌ಬರ್ಗ್‌ನ ನಿರ್ಣಾಯಕ ಪಂದ್ಯದಲ್ಲಿ ಬ್ರಾಡಿ ಗಾಯಗೊಂಡಾಗ ಬ್ಲೆಡ್ಸೊ ಬಂದು ತಂಡವನ್ನು ಗೆಲ್ಲಿಸಿದರು. ಸೂಪರ್ ಬೌಲ್ ಮಾತ್ರ ಬ್ರಾಡಿ ಆಡಿದರು, ಗೆದ್ದರು. ಆ ದಿನ ಸೋತಿದ್ದರೆ ಇದೇ ತೀರ್ಮಾನವನ್ನು ಹೇಗೆ ಬಣ್ಣಿಸುತ್ತಿದ್ದರೆಂದು ಊಹಿಸಬಹುದು.

ವರ್ಣದ ಪ್ರಶ್ನೆ

ಎಲ್ಲ ಆಯ್ಕೆಗಳೂ ಕೌಶಲವನ್ನಷ್ಟೇ ತೂಗಿದ್ದಲ್ಲ. ಈ ಸ್ಥಾನಕ್ಕೆ ಬೇಕಾದ ಬುದ್ಧಿ ಮತ್ತು ನಾಯಕತ್ವ ಕಪ್ಪುಜನರಲ್ಲಿಲ್ಲವೆಂಬ ಪೂರ್ವಗ್ರಹ ದೀರ್ಘಕಾಲ ಬಲವಾಗಿತ್ತು. 1968ರಲ್ಲಿ ಡೆನ್ವರ್ ಬ್ರಾಂಕೋಸ್ ಪರವಾಗಿ ಚೆನ್ನಾಗಿ ಆಡಿದ ಮಾರ್ಲಿನ್ ಬ್ರಿಸ್ಕೊ ಅವರಿಗೆ ಮರುವರ್ಷ ಅವಕಾಶ ಸಿಗದೆ, ಬೇರೆ ತಂಡದಲ್ಲಿ ಚೆಂಡು ಹಿಡಿಯುವವರಾದರು. ವಾರನ್ ಮೂನ್ ಅವರನ್ನು 1978ರಲ್ಲಿ ಯಾವ ತಂಡವೂ ಆರಿಸಲಿಲ್ಲ; ಅವರು ಕೆನಡಾಕ್ಕೆ ಹೋಗಿ ಆಡಿದರು.

ಈ ಹಿನ್ನೆಲೆಯಲ್ಲಿ 1987ರ ಋತುವಿನ ವಾಷಿಂಗ್ಟನ್ ತಂಡದ ವಿವಾದ ಗಮನಾರ್ಹ. ಜೇ ಶ್ರೋಡರ್ ಅವರ ಬದಲು ಡಗ್ ವಿಲಿಯಮ್ಸ್ ಅವರನ್ನು ನಾಕೌಟ್ ಪಂದ್ಯಗಳಿಗೆ ಆಡಿಸಲು ತರಬೇತುದಾರ ಜೋ ಗಿಬ್ಸ್ ನಿರ್ಧರಿಸಿದರು. 1988ರ ಜನವರಿ 31ರಂದು ವಿಲಿಯಮ್ಸ್ ಸೂಪರ್ ಬೌಲ್ ಆರಂಭಿಸಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಆದರು. ಮೊದಲಿಗೆ 10–0ರಿಂದ ಹಿಂದಿದ್ದ ತಂಡ ಎರಡನೆಯ ಅವಧಿಯೊಂದರಲ್ಲೇ 35 ಅಂಕ ಗಳಿಸಿ 42–10ರಿಂದ ಗೆದ್ದಿತು. ಆ ಅವಧಿಯಲ್ಲಿ ವಿಲಿಯಮ್ಸ್ ನಾಲ್ಕು ಟಚ್‌ಡೌನ್ ಎಸೆತಗಳನ್ನು ಎಸೆದರು. ಅದೇ ವರ್ಷ ಶ್ರೋಡರ್ ರೈಡರ್ಸ್ ತಂಡ ಸೇರಿದರು. 1989ರ ಹೊತ್ತಿಗೆ ವಿಲಿಯಮ್ಸ್ ಅವರೂ ಬೆನ್ನುನೋವಿಗೆ ತುತ್ತಾಗಿ, ಸ್ಥಾನ ಮಾರ್ಕ್ ರಿಪಿನ್ ಅವರ ಪಾಲಾಯಿತು.