ಬಾಗಿಲ ಮೇಲೊಂದು ಹೆಸರು

ನಿರ್ಗತಿಕನಿಗೆ ಒಂದು ರಾತ್ರಿಯ ಆಸರೆ ಕೊಟ್ಟೊಡನೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುತ್ತೇವೆ. ಬೆಳಗಾದ ಮೇಲೆ ಆತ ಎಲ್ಲಿಗೆ ಹೋಗಬೇಕು? ಫಿನ್ಲೆಂಡ್ ದೇಶದ ಇತಿಹಾಸ ಇದಕ್ಕೊಂದು ಉತ್ತರ ನೀಡುತ್ತದೆ.

1985ರಲ್ಲಿ ಅದರ ರಾಜಧಾನಿ ಹೆಲ್ಸಿಂಕಿಯ ಆಶ್ರಯಧಾಮಗಳಲ್ಲಿ 2,000ಕ್ಕೂ ಹೆಚ್ಚು ಹಾಸಿಗೆಗಳಿದ್ದವು. ಮೊದಲು ಕುಡಿತ ಬಿಡಬೇಕು, ಶಿಸ್ತು ಕಲಿಯಬೇಕು. ಮನೆ ಕೊನೆಯ ಮೆಟ್ಟಿಲು ಎಂಬುದು ಹಳೆಯ ಕ್ರಮ. ಅದನ್ನೇರಲಾಗದೆ ಅನೇಕರು ಬೀದಿಗೇ ಮರಳುತ್ತಿದ್ದರು.

2007ರಲ್ಲಿ ನಾಲ್ವರು ಹಿರಿಯರ ಸಮಿತಿ ಈ ಕ್ರಮವನ್ನೇ ತಿರುಗಿಸಿತು. ಹೆಲ್ಸಿಂಕಿಯ ಲೂಥರನ್ ಧರ್ಮಾಧ್ಯಕ್ಷ ಏರೊ ಹುವೊವಿನೆನ್ ಅವರಲ್ಲೊಬ್ಬರು. ವರದಿಯ ಹೆಸರೇ ‘ಬಾಗಿಲ ಮೇಲೆ ಹೆಸರು’. ಮೊದಲು ತನ್ನದೇ ಹೆಸರಿನ ಬಾಡಿಗೆ ಕರಾರು, ತನ್ನದೇ ಬೀಗದ ಕೈ. ಬಳಿಕ ಬೇಕಾದ ನೆರವು. 2008ರಲ್ಲಿ ಇದು ರಾಷ್ಟ್ರೀಯ ಯೋಜನೆಯಾಯಿತು. ಸಾಲ್ವೇಶನ್ ಆರ್ಮಿಯ ದೊಡ್ಡ ಆಶ್ರಯಧಾಮವೊಂದು ಬಾಡಿಗೆ ಮನೆಗಳಾಗಿ ಮಾರ್ಪಟ್ಟಿತು. 2016ರ ವೇಳೆಗೆ ನಗರದಲ್ಲಿ ಉಳಿದ ಹಾಸಿಗೆಗಳು 52 ಮಾತ್ರ. ಆದರೆ 2024ರಲ್ಲಿ ಮನೆಯಿಲ್ಲದವರ ಸಂಖ್ಯೆ ಮತ್ತೆ ಏರಿತು. ಕಟ್ಟಿದ್ದನ್ನು ಕಾಯದಿದ್ದರೆ ಉಳಿಯದು.

ದುಂದುಗಾರ ಮಗನ ಸಾಮತಿಯನ್ನು ನೆನೆಯಿರಿ. ತಂದೆ ಮಗನ ನಡತೆಯನ್ನು ಪರೀಕ್ಷಿಸಿ ಮನೆಗೆ ಸೇರಿಸಲಿಲ್ಲ. ಸೇರಿಸಿಕೊಂಡ ಮೇಲೆಯೇ ಮಗನಿಗೆ ಹೊಸ ಬದುಕು ದೊರೆಯಿತು. ನಮ್ಮ ಧರ್ಮಕೇಂದ್ರದ ಬಾಗಿಲಲ್ಲಿ ಕೈಚಾಚುವವನಿಗೆ ನಾವು ಕೊಡುತ್ತಿರುವುದು ನಾಣ್ಯವೇ, ನೆಲೆಯೇ?