ಇಲ್ಲದ ದೋಷದ ಎಚ್ಚರಿಕೆ

1991ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 3.1ರ ಬೀಟಾ ಪ್ರತಿಯನ್ನು ಪರೀಕ್ಷಕರಿಗೆ ಕಳಿಸಿತು. ಆಗ ವಿಂಡೋಸ್ ಓಡುತ್ತಿದ್ದದ್ದು ಡಾಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ. ಮೈಕ್ರೋಸಾಫ್ಟಿನದೇ ಎಂಎಸ್-ಡಾಸ್ ಇದ್ದ ಕಂಪ್ಯೂಟರುಗಳಲ್ಲಿ ಬೀಟಾ ತಕರಾರಿಲ್ಲದೆ ಶುರುವಾಯಿತು. ಡಿಆರ್-ಡಾಸ್ ಇದ್ದಲ್ಲಿ ಮಾತ್ರ ಪರದೆಯ ಮೇಲೆ ಒಂದು ಎಚ್ಚರಿಕೆ ಬಂತು. ಮಾರಕವಲ್ಲದ ಎರರ್ ಒಂದು ಪತ್ತೆಯಾಗಿದೆ ಎಂಬ ಸಾಲು, ಪಕ್ಕದಲ್ಲೊಂದು ಸಂಖ್ಯೆ, ಬೀಟಾ ಸಹಾಯ ವಿಭಾಗವನ್ನು ಕೇಳಿ ಎಂಬ ಸೂಚನೆ. ಹೊರಬರಲು ಎಂಟರ್, ಮುಂದುವರಿಯಲು ಸಿ. ಧೈರ್ಯ ಮಾಡಿ ಸಿ ಒತ್ತಿದರೆ ವಿಂಡೋಸ್ ಚೆನ್ನಾಗಿಯೇ ಓಡುತ್ತಿತ್ತು.

ಎರರ್ ಇರಲೇ ಇಲ್ಲ.

ಡಿಆರ್-ಡಾಸ್ ಅಂದರೆ ಗ್ಯಾರಿ ಕಿಲ್ಡಾಲ್ ಕಟ್ಟಿದ ಡಿಜಿಟಲ್ ರಿಸರ್ಚ್ ಕಂಪನಿಯ ಕೂಸು. ಎಂಎಸ್-ಡಾಸ್ 5ರಲ್ಲಿ ಇಲ್ಲದ ಡಿಸ್ಕ್ ಕಂಪ್ರೆಷನ್ ಸೌಲಭ್ಯ ಡಿಆರ್-ಡಾಸ್ 6ರಲ್ಲಿತ್ತು. ಎದುರಾಳಿ ಗಟ್ಟಿಗನೇ.

ಸಿ ಒತ್ತುವ ಧೈರ್ಯ ಎಷ್ಟು ಜನಕ್ಕಿತ್ತು? ತೊಂಬತ್ತರ ದಶಕದಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದ ಕೋಣೆಯಲ್ಲಿ ಪರದೆಯ ಮೇಲೆ ಯಾವ ಸಂದೇಶ ಕಂಡರೂ ಹುಡುಗರು ಕೀಬೋರ್ಡಿನಿಂದ ಥಟ್ಟನೆ ಕೈ ತೆಗೆದು, “ಮೇಡಂ, ಏನೋ ಬಂತು!” ಅನ್ನುತ್ತಿದ್ದರು. ಪೂರ್ತಿ ಓದುವವರು ಕಡಿಮೆ. ಸಂಖ್ಯೆಯೊಂದು ಜೊತೆಗಿದ್ದರಂತೂ ತಾವೇ ಏನೋ ಕೆಡಿಸಿದೆವು ಎಂಬ ಗಾಬರಿ. ಆ ಗಾಬರಿಯನ್ನು ಬೇಕೆಂದೇ ಹುಟ್ಟಿಸಿದ್ದು ನನಗೆ ಇವತ್ತಿಗೂ ಕ್ಷಮಿಸಲಾಗದ ಕೆಲಸವಾಗಿ ಕಾಣುತ್ತದೆ.

ಬೇಕೆಂದೇ ಅನ್ನುವುದಕ್ಕೆ ಆಧಾರವಿದೆ. 1992ರಲ್ಲಿ ಜೆಫ್ ಚಾಪೆಲ್ ಈ ಎಚ್ಚರಿಕೆಯ ಹಿಂದಿದ್ದ ಕೋಡನ್ನು ಪತ್ತೆ ಮಾಡಿದರು. ಮರುವರ್ಷ ಆಂಡ್ರ್ಯೂ ಶುಲ್ಮನ್ ‘ಡಾ. ಡಾಬ್ಸ್ ಜರ್ನಲ್’ ಪತ್ರಿಕೆಯಲ್ಲಿ ಅದನ್ನು ಬಿಡಿಸಿಟ್ಟರು. ಡಾಸ್‌ನ ಒಳಗಿನ, ಯಾವ ಕೈಪಿಡಿಯಲ್ಲೂ ಬರೆಯದ ಕೆಲವು ಗುರುತುಗಳನ್ನು ಆ ಕೋಡು ತಡಕಿ ನೋಡುತ್ತಿತ್ತು. ವಿಂಡೋಸ್ ಓಡುವುದಕ್ಕೆ ಅವುಗಳ ಅಗತ್ಯವಿರಲಿಲ್ಲ. ಇದು ಎಂಎಸ್-ಡಾಸ್ ಹೌದೋ ಅಲ್ಲವೋ ಎಂದು ತಿಳಿಯುವುದಕ್ಕಷ್ಟೇ ಬೇಕಿತ್ತು. ಕೋಡಿನ ಬಹುಭಾಗ ಗೂಢಲಿಪಿಯಲ್ಲಿತ್ತು. ಡಿಬಗರ್ ಹಾಕಿ ಇಣುಕುವವರನ್ನು ದಾರಿ ತಪ್ಪಿಸುವ ಏರ್ಪಾಡೂ ಇತ್ತು. ಬಳಕೆದಾರರ ಒಳಿತಿಗೆ ಬರೆದ ಎಚ್ಚರಿಕೆಯನ್ನು ಹೀಗೆ ಬಚ್ಚಿಡುವವರು ಯಾರು? ಬರೆದ ಪ್ರೋಗ್ರಾಮರ್ ಆರನ್ ರೆನಾಲ್ಡ್ಸ್ ಹೆಸರಿನಿಂದಲೇ ಇದಕ್ಕೆ ‘ಎಎಆರ್‌ಡಿ ಕೋಡ್’ ಎಂಬ ಹೆಸರು ಬಂತು.

ಮುಂದೆ ಕೋರ್ಟಿನಲ್ಲಿ ಹೊರಬಿದ್ದ ಮೇಲ್‌ಗಳು ಉಳಿದದ್ದನ್ನು ಹೇಳಿದವು. 1992ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟಿನ ಹಿರಿಯ ಅಧಿಕಾರಿ ಬ್ರ್ಯಾಡ್ ಸಿಲ್ವರ್‌ಬರ್ಗ್ ಬರೆದದ್ದರ ತಾತ್ಪರ್ಯ ಇಷ್ಟು: ಬಳಸುವವನ ಮನಸ್ಸಿಗೆ ಕಸಿವಿಸಿಯಾಗಬೇಕು, ಏನೇ ಕೆಟ್ಟರೂ ಡಿಆರ್-ಡಾಸ್ ಮೇಲೆ ಅನುಮಾನ ಬರಬೇಕು, ಹೋಗಿ ಎಂಎಸ್-ಡಾಸ್ ಕೊಳ್ಳಬೇಕು.

ಆ ವರ್ಷ ಏಪ್ರಿಲ್‌ನಲ್ಲಿ ಬಿಡುಗಡೆಯಾದ ವಿಂಡೋಸ್ 3.1ರಲ್ಲಿ ಈ ಸಂದೇಶ ಕಾಣಿಸಲಿಲ್ಲ. ಆದರೆ ಕೋಡನ್ನು ಕಿತ್ತೆಸೆದಿರಲಿಲ್ಲ, ಆರಿಸಿ ಒಳಗೇ ಇಟ್ಟಿದ್ದರು. ಬೀಟಾ ಪರೀಕ್ಷಕರಲ್ಲಿ ಹುಟ್ಟಿದ ಅನುಮಾನವನ್ನು ಮಾತ್ರ ಹಾಗೆ ಆರಿಸಲು ಬರುವುದಿಲ್ಲ.

ಡಿಆರ್-ಡಾಸ್ ನೋವೆಲ್ ಕೈಸೇರಿ, ಅಲ್ಲಿಂದ ಕ್ಯಾಲ್ಡೆರಾ ಕಂಪನಿಗೆ ಹೋಯಿತು. 1996ರಲ್ಲಿ ಕ್ಯಾಲ್ಡೆರಾ ಮೈಕ್ರೋಸಾಫ್ಟ್ ಮೇಲೆ ಮೊಕದ್ದಮೆ ಹೂಡಿತು. 2000ದ ಜನವರಿಯಲ್ಲಿ ರಾಜಿಯಾಯಿತು, ಮೊತ್ತವನ್ನು ಗುಟ್ಟಾಗಿಟ್ಟರು. ಅದು 28 ಕೋಟಿ ಡಾಲರ್ ಎಂದು ಗೊತ್ತಾದದ್ದು 2009ರಲ್ಲಿ. ಕಿಲ್ಡಾಲ್ 1994ರಲ್ಲೇ ತೀರಿಕೊಂಡಿದ್ದರು.